ಬಿಸಿಲಿಗೆ ಏರುವ ಹೊಳೆಯ ದಂಡೆಯಲ್ಲಿ

ಪ್ರಶ್ನೆ: ನನಗೆ 56, ನಮ್ಮ ಯಜಮಾನರಿಗೆ 61. ತುಮಕೂರಿನವರು. ಅವರಿಗೆ ಬಿಪಿ ಇದೆ, ಮಾತ್ರೆಯಿಂದ ಹತೋಟಿಯಲ್ಲಿದೆ. ದೇವರಾಯನದುರ್ಗ, ಶಿವಗಂಗೆ ಆಗಾಗ ಹತ್ತುತ್ತೇವೆ. ಹಿಮಾಲಯದಲ್ಲಿ ಶಿಖರ ಗಿಖರ ಬೇಡ, ಟೆಂಟೂ ಬೇಡ. ನದಿಯ ಪಕ್ಕದಲ್ಲೇ ಊರಿಂದ ಊರಿಗೆ ನಡೆದು, ಊರಿನ ಮನೆಗಳಲ್ಲೇ ಉಳಿದು ಬರಬೇಕೆಂಬ ಆಸೆ. ಸಹಸ್ರತಾಲ್ ದುರಂತ ಆದಾಗಿನಿಂದ ಮಗಳು ‘ಉತ್ತರಾಖಂಡದ ಹೆಸರೆತ್ತಬೇಡಿ’ ಎನ್ನುತ್ತಾಳೆ. ಹೊಳೆ ಪಕ್ಕದ ದಾರಿಯಾದರೆ ಅಪಾಯ ಕಡಿಮೆ ಅಲ್ಲವೇ ಸರ್? ಯಾವ ಕಣಿವೆ, ಯಾವ ತಿಂಗಳು, ಎಷ್ಟು ದಿನ? ಇನ್ನೊಂದು, ನಗಬೇಡಿ: ಇವರಿಗೆ ದಿನಕ್ಕೊಂದು ಹೊತ್ತಾದರೂ ಮುದ್ದೆ ಬೇಕು.

ಉತ್ತರ: ಮೊದಲು ಮಗಳ ಮಾತು. ಆಕೆಯ ಹೆದರಿಕೆಯನ್ನು ತಳ್ಳಿಹಾಕಬೇಡಿ. 2024ರ ಜೂನ್ ಮೊದಲ ವಾರದಲ್ಲಿ ಸಹಸ್ರತಾಲದಿಂದ ಹಿಂತಿರುಗುತ್ತಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು, ಕರ್ನಾಟಕದ 9 ಮಂದಿ ತೀರಿಕೊಂಡರು. ಅದು ಉತ್ತರಕಾಶಿ–ಟೆಹ್ರಿ ಗಡಿಯ ಜಾಗ. ನಾನು ಈಗ ಹೇಳಹೊರಟಿರುವ ಕಣಿವೆಯೂ ಉತ್ತರಕಾಶಿ ಜಿಲ್ಲೆಯದೇ. ಆದರೆ ಸಹಸ್ರತಾಲ್ ಇರುವುದು 4,000 ಮೀಟರಿಗೂ ಮೇಲೆ. ಅಲ್ಲಿ ಮರವಿಲ್ಲ, ಮನೆಯಿಲ್ಲ, ಗಾಳಿ ಎದ್ದರೆ ಬೆನ್ನು ಕೊಡಲು ಒಂದು ಗೋಡೆ ಇಲ್ಲ. ನೀವು ಕೇಳುತ್ತಿರುವುದು ಎರಡು ಸಾವಿರದಿಂದ ಎರಡು ಸಾವಿರದ ಆರುನೂರು ಮೀಟರಿನ ನಡುವೆ, ದೇವದಾರಿನ ನೆರಳಲ್ಲಿ, ಅರ್ಧ ದಿನ ನಡೆದರೆ ಒಂದು ಊರಿನ ಸೂರು ಸಿಗುವ ದಾರಿ. ಇದಿಷ್ಟನ್ನು ಮಗಳಿಗೆ ಭೂಪಟ ತೆರೆದು ತೋರಿಸಿ.

ಇನ್ನು ‘ಹೊಳೆ ಪಕ್ಕ ಎಂದರೆ ಅಪಾಯ ಕಡಿಮೆ’ ಎಂಬ ನಿಮ್ಮ ಮಾತು. ಎತ್ತರದ ಲೆಕ್ಕದಲ್ಲಿ ಸರಿ. ನೀರಿನ ಲೆಕ್ಕದಲ್ಲಿ ನಾವು ಕನ್ನಡನಾಡಿನವರು ಅಲ್ಲಿ ಹೋಗಿ ತಪ್ಪುವುದೇ ಇಲ್ಲಿ. ಉತ್ತರ ಉದ್ದವಾದರೆ ಅದಕ್ಕಾಗಿ.

ಕಣಿವೆ ಯಾವುದೆಂದು ಮೊದಲು ಹೇಳಿಬಿಡುತ್ತೇನೆ: ಸುಪಿನ್ ನದಿಯ ಕಣಿವೆ. ಹರ್ ಕಿ ದೂನ್ ಚಾರಣ ಎಂದು ಎಲ್ಲರೂ ಹೋಗುವುದು ಇದೇ ಕಣಿವೆಯಲ್ಲಿ. ಓಸ್ಲಾ ಊರಿನ ಮೇಲುಗಡೆ ಹರ್ ಕಿ ದೂನ್ ಗಾಡ್, ರುಯಿನ್ಸಾರಾ ಗಾಡ್ ಎಂಬ ಎರಡು ತೊರೆಗಳು ಕೂಡುತ್ತವೆ (ಗಢವಾಲಿಯಲ್ಲಿ ‘ಗಾಡ್’ ಎಂದರೆ ತೊರೆ, ಸಣ್ಣ ಹೊಳೆ). ಅಲ್ಲಿಂದ ಕೆಳಗೆ ಸುಪಿನ್ ಎಂದು ಹರಿದು, ನೈಟ್ವಾರ್‌ನಲ್ಲಿ ರೂಪಿನ್ ಜತೆ ಸೇರಿ ಟೋನ್ಸ್ ಆಗುತ್ತದೆ. ಈ ಟೋನ್ಸ್ ಯಮುನೆಯ ಉಪನದಿ ಅನ್ನಿಸಿಕೊಂಡರೂ ಎರಡೂ ಕೂಡುವ ಕಡೆ ನೀರು ಹೆಚ್ಚಿರುವುದು ಟೋನ್ಸ್‌ನಲ್ಲಿ. ಹೆಸರು ಮಾತ್ರ ಯಮುನೆಗೆ ಹೋಯಿತು!

ಡೆಹ್ರಾಡೂನಿನಿಂದ ಮಸ್ಸೂರಿ, ಪುರೋಲಾ, ಮೋರಿ, ನೈಟ್ವಾರ್ ದಾಟಿ ಸಾಂಕ್ರಿ ಮುಟ್ಟಲು ಸುಮಾರು 200 ಕಿ.ಮೀ. ಬಸ್ಸಿನಲ್ಲಾದರೆ ಹತ್ತು ತಾಸು ಎಂದುಕೊಳ್ಳಿ. ದಾರಿ ಸುತ್ತಿ ಸುತ್ತಿ ಹೋಗುತ್ತದೆ, ವಾಂತಿ ಬರುವವರು ಮುಂದಿನ ಸೀಟು ಹಿಡಿಯಬೇಕು. ನಗದು ಪುರೋಲಾದಲ್ಲೇ ತೆಗೆದಿಟ್ಟುಕೊಳ್ಳಿ. ನೈಟ್ವಾರ್‌ನಿಂದಾಚೆ ಗೋವಿಂದ ಪಶು ವಿಹಾರದ ಕಾಡು, ಅರಣ್ಯ ಇಲಾಖೆಯ ಪರವಾನಗಿ ಬೇಕು, ಆಧಾರ್ ಪ್ರತಿ ಎರಡೆರಡು ಇರಲಿ. ಸಾಂಕ್ರಿ ಸುಮಾರು 1,950 ಮೀಟರ್, ಹೆಚ್ಚುಕಮ್ಮಿ ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟು. ಅಂದರೆ ಕರ್ನಾಟಕದ ನೆತ್ತಿ ಎಲ್ಲಿ ಮುಗಿಯುತ್ತದೋ ಅಲ್ಲಿ ನಿಮ್ಮ ನಡಿಗೆ ಶುರು.

ಸಾಂಕ್ರಿಯಿಂದ ತಾಲುಕಾಗೆ 11–12 ಕಿ.ಮೀ. ಜೀಪು. ಆಮೇಲೆ ಕಾಲುದಾರಿ: ತಾಲುಕಾ, ಗಂಗಾಡ್, ಓಸ್ಲಾ. ಒಟ್ಟು ಹದಿಮೂರು ಕಿ.ಮೀ. ಆಸುಪಾಸು, ಏರು ಐನೂರು ಮೀಟರ್ ಚಿಲ್ಲರೆ. ತಾಲುಕಾದ ಮುಂದೆ ಮೋಟಾರು ರಸ್ತೆ ಕಡಿಯುವ ಕೆಲಸ ವರ್ಷಗಳಿಂದ ನಡೆಯುತ್ತಲೇ ಇದೆ. ಹಾಗಾಗಿ ವಾಹನ ಇವತ್ತು ಎಲ್ಲಿಯವರೆಗೆ ಹೋಗುತ್ತದೆ, ಕಾಲುದಾರಿ ಯಾವ ದಡದಲ್ಲಿ ಉಳಿದಿದೆ ಎಂದು ಸಾಂಕ್ರಿಯಲ್ಲಿ ಕೇಳಿಕೊಂಡೇ ಹೊರಡಿ. ಹಳೆಯ ನಕ್ಷೆ, ಹಳೆಯ ವಿಡಿಯೊ ನಂಬಬೇಡಿ.

ಈಗ ನೀರಿನ ವಿಷಯ.

ನಮ್ಮ ಕಡೆ ಹಳ್ಳ ತುಂಬುವುದು ಮಳೆಗೆ. ಆಕಾಶ ನೋಡಿ ಹಳ್ಳವನ್ನು ಅಳೆಯುವ ಬುದ್ಧಿ ನಮಗೆ ಹುಟ್ಟಿನಿಂದಲೇ ಬಂದಿದೆ: ಮೋಡ ಕಟ್ಟಿದರೆ ಹುಷಾರು, ಬಿಸಿಲಿದ್ದರೆ ದಾಟು. ಹಿಮಾಲಯದಲ್ಲಿ ಈ ಬುದ್ಧಿ ಅರ್ಧ ಕೆಲಸಕ್ಕೆ ಮಾತ್ರ ಬರುತ್ತದೆ. ಅಲ್ಲಿ ಬಿಸಿಲಿಗೂ ಹಳ್ಳ ತುಂಬುತ್ತದೆ. ಬೆಳಗ್ಗೆ ಬಿಸಿಲು ಹಿಮದ ಮೇಲೆ ಬೀಳುತ್ತದೆ, ಮಧ್ಯಾಹ್ನಕ್ಕೆ ಕರಗುವುದು ಜೋರಾಗುತ್ತದೆ, ಆ ನೀರು ಗುಡ್ಡದಿಂದ ಇಳಿದು ನಿಮ್ಮ ಕಾಲ ಬಳಿ ಬರುವ ಹೊತ್ತಿಗೆ ಸಂಜೆ ಮೂರು, ನಾಲ್ಕು, ಐದು. ರಾತ್ರಿ ಚಳಿಗೆ ಕರಗುವುದು ನಿಂತು ಬೆಳಗಿನ ಜಾವ ಹಳ್ಳ ಮತ್ತೆ ಸಣ್ಣದಾಗುತ್ತದೆ. ಆಕಾಶ ಎಷ್ಟು ಶುಭ್ರವೋ ಸಂಜೆಯ ನೀರು ಅಷ್ಟು ಜೋರು.

ಇದನ್ನು ನಾನು ಪುಸ್ತಕದಲ್ಲಿ ಓದಿ ಕಲಿತವನಲ್ಲ. ಒಂದು ಜೂನ್‌ನಲ್ಲಿ, ಓಸ್ಲಾದಿಂದ ಮೇಲಕ್ಕೆ ಹೋಗುವಾಗ ಬೆಳಗ್ಗೆ ಏಳಕ್ಕೆ ಒಂದು ಅಡ್ಡಹಳ್ಳ ದಾಟಿದೆವು. ಪಾದ ಮುಳುಗುವಷ್ಟು ನೀರು. ನಡುವೆ ಒಂದು ಬಿಳಿಯ ಬಂಡೆ, ಒರಳುಕಲ್ಲಿನಷ್ಟು ದಪ್ಪ. ತಂಡದ ಹುಡುಗಿಯೊಬ್ಬಳು ಅದರ ಮೇಲೆ ಕೂತು ಫೋಟೊ ತೆಗೆಸಿಕೊಂಡಳು. ಮೂರೂವರೆಗೆ ವಾಪಸ್ ಬಂದರೆ ಬಂಡೆಯೇ ಇಲ್ಲ. ಅದಿದ್ದ ಜಾಗದಲ್ಲಿ ನೀರು ಗೂನುಬೆನ್ನಿನ ಹಾಗೆ ಉಬ್ಬಿ ಹರಿಯುತ್ತಿತ್ತು, ಬಣ್ಣ ಸಿಮೆಂಟು ಕಲಸಿದಂತೆ. ತಲೆಯ ಮೇಲೆ ಮೋಡದ ಚೂರೂ ಇರಲಿಲ್ಲ. ತಪ್ಪು ನನ್ನದು. ಹುಲ್ಲುಗಾವಲು ಚೆನ್ನಾಗಿದೆಯೆಂದು ಊಟಕ್ಕೆ ಎರಡು ತಾಸು ಕೂರಿಸಿದ್ದೆ. ಆ ರಾತ್ರಿ ಆಚೆ ದಡದಲ್ಲೇ ಕುರಿಗಾಹಿಗಳ ಛಾನಿಯೆಂಬ ಗುಡಿಸಲಿನಲ್ಲಿ, ಅವರ ಕಂಬಳಿ ಹೊದ್ದು ಕಳೆದೆವು. ಬೆಳಗ್ಗೆ ಐದೂವರೆಗೆ ಹೋಗಿ ನೋಡಿದರೆ ಬಂಡೆ ಎದ್ದು ಕೂತಿತ್ತು. ಮೈ ಮಾತ್ರ ಒದ್ದೆ.

ಆದ್ದರಿಂದ ನಿಮ್ಮ ದಿನಚರಿ ಹೀಗಿರಲಿ: ಆರೂವರೆ–ಏಳಕ್ಕೆ ಹೊರಡಿ, ಮಧ್ಯಾಹ್ನ ಒಂದರೊಳಗೆ ಮುಂದಿನ ಊರು ಸೇರಿ. ಹೋಟೆಲ್ ತಿಂಡಿಗೆ ಕಾದು ಒಂಬತ್ತೂವರೆಗೆ ಹೊರಡುವ ಅಭ್ಯಾಸ ಇದ್ದರೆ ತುಮಕೂರಿನಲ್ಲೇ ಬಿಟ್ಟು ಬನ್ನಿ.

ಇನ್ನೊಂದು ತಪ್ಪು ತಿಳಿವಳಿಕೆ, ದೊಡ್ಡ ಹೊಳೆಯೇ ಅಪಾಯ ಎಂಬುದು. ಭಯ ಹುಟ್ಟಿಸುವುದು ದೊಡ್ಡ ಹೊಳೆ, ಕೆಡಹುವುದು ಸಣ್ಣ ಹಳ್ಳ. ಸುಪಿನ್ ನೊರೆ ಕಾರಿಕೊಂಡು ಭೋರ್ಗರೆಯುತ್ತದೆ, ಅದರ ಹತ್ತಿರ ಯಾರೂ ಹೋಗುವುದಿಲ್ಲ, ಅದರ ಮೇಲೆ ಸೇತುವೆಗಳಿವೆ. ಬದಿಯ ಗುಡ್ಡದಿಂದ ಇಳಿದು ದಾರಿಗೆ ಅಡ್ಡ ಬರುವ ತೊರೆಗಳನ್ನು, ಗಢವಾಲಿನವರು ‘ಗಧೇರಾ’ ಎನ್ನುವುದನ್ನು, ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2025ರ ಆಗಸ್ಟ್ 5ರಂದು ಧರಾಲಿ ಊರನ್ನು ಕೆಸರಿನಲ್ಲಿ ಹೂತದ್ದು ಪಕ್ಕದಲ್ಲೇ ಹರಿಯುವ ಭಾಗೀರಥಿಯಲ್ಲ, ಮೇಲಿಂದ ಇಳಿದ ಖೀರ್ ಗಾಡ್. 2019ರ ಆಗಸ್ಟ್‌ನಲ್ಲಿ ಆರಾಕೋಟ್ ಸುತ್ತಿನ ಊರುಗಳನ್ನು ಕೆಡವಿದ್ದೂ ಇಂಥವೇ ತೊರೆಗಳು, ಅದು ನೀವು ಹೋಗುವ ಮೋರಿ ತಾಲ್ಲೂಕೇ. ಎರಡೂ ಆಗಸ್ಟ್‌ನಲ್ಲಿ ಆದದ್ದನ್ನು ಗಮನಿಸಿ. ಜುಲೈ, ಆಗಸ್ಟ್, ಸೆಪ್ಟೆಂಬರ್ ಮೊದಲರ್ಧ ಅಲ್ಲಿಗೆ ಬೇಡವೇ ಬೇಡ, ಟಿಕೆಟ್ ಎಷ್ಟು ಅಗ್ಗವಾದರೂ.

ಅಡ್ಡಹಳ್ಳದ ಮುಂದೆ ನಿಂತಾಗ ಕಣ್ಣಿಗಿಂತ ಕಿವಿಗೆ ಕೆಲಸ ಕೊಡಿ. ನೀರಿನ ಸದ್ದಿನ ಅಡಿಯಲ್ಲಿ ಗುಡುಗುಡು ಎಂದು ಕೇಳಿಸಿದರೆ ತಳದಲ್ಲಿ ಕಲ್ಲುಗಳು ಉರುಳುತ್ತಿವೆ ಎಂದರ್ಥ, ಕಾಲಿಡಬೇಡಿ. ಮೊಣಕಾಲು ಮೀರಿದ ನೀರಿಗೆ ಇಳಿಯಬೇಡಿ. ನೀರಿನ ವೇಗ ಎರಡರಷ್ಟಾದರೆ ಅದು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ, ನಮ್ಮ ಕೆರೆ ಕೋಡಿಯ ಅಂದಾಜು ಅಲ್ಲಿ ನಡೆಯದು. ಬರಿಗಾಲಲ್ಲೂ ದಾಟಬೇಡಿ. ಆ ನೀರಿಗೆ ಅರೆ ನಿಮಿಷದಲ್ಲಿ ಪಾದ ಮರಗಟ್ಟಿ, ಕಲ್ಲು ಕೊರೆದದ್ದೂ ತಿಳಿಯುವುದಿಲ್ಲ. ಪಟ್ಟಿಯಿರುವ ಸ್ಯಾಂಡಲ್ ಒಂದು ಜೊತೆ ಬ್ಯಾಗಿನಲ್ಲಿರಲಿ. ದಾಟುವಾಗ ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿರಬೇಕು. ಬಿದ್ದರೆ ಬ್ಯಾಗು ಹೋಗಲಿ, ನೀವು ಉಳಿಯಿರಿ. ಮರದ ದಿಮ್ಮಿ ಹಾಕಿದ ಕಡೆ ಬೆಳಗ್ಗೆ ಅದರ ಮೇಲೆ ಚಿಮ್ಮಿದ ನೀರು ಹೆಪ್ಪುಗಟ್ಟಿ ಗಾಜಿನಂತಿರಬಹುದು, ಕೋಲಿನಿಂದ ಕುಟ್ಟಿ ನೋಡಿ, ಮಣ್ಣು ಎರಚಿಕೊಂಡು ನಡೆಯಿರಿ.

ಮತ್ತು ಇದನ್ನು ಯಜಮಾನರಿಗೂ ಓದಿ ಹೇಳಿ: ಹರಿಯುತ್ತಿದ್ದ ಹಳ್ಳದ ನೀರು ಇದ್ದಕ್ಕಿದ್ದಂತೆ ಇಳಿದುಬಿಟ್ಟರೆ ‘ಒಳ್ಳೆಯದಾಯಿತು, ದಾಟೋಣ’ ಎಂದುಕೊಳ್ಳಬಾರದು. ಮೇಲೆಲ್ಲೋ ಗುಡ್ಡ ಕುಸಿದು ನೀರು ಕಟ್ಟಿಕೊಂಡಿರಬಹುದು. ಕಟ್ಟಿದ್ದು ಒಡೆಯುತ್ತದೆ. ಹಳ್ಳದ ಪಾತ್ರ ಬಿಟ್ಟು ಪಕ್ಕದ ದಿಬ್ಬ ಹತ್ತಿ, ಊರಿನವರು ಬರುವವರೆಗೆ ಕಾಯಿರಿ.

ಹೊಳೆ ಪಕ್ಕದ ದಾರಿಗೆ ಇನ್ನೊಂದು ಗುಣವಿದೆ, ಹೋಗುವವರೆಗೆ ಯಾರಿಗೂ ಹೊಳೆಯುವುದಿಲ್ಲ. ಸದ್ದು. ಇಡೀ ದಿನ ಕಿವಿ ತುಂಬ ಸುಪಿನ್. ಹತ್ತು ಮಾರು ಮುಂದೆ ಹೋದ ಯಜಮಾನರನ್ನು ನೀವು ಕೂಗಿದರೆ ಅವರಿಗೆ ಕೇಳಿಸದು (ಮನೆಯಲ್ಲೂ ಕೇಳಿಸುವುದಿಲ್ಲ ಅನ್ನುತ್ತೀರೇನೋ). ಮೇಲಿಂದ ಕಲ್ಲು ಉರುಳಿದರೂ ಕೇಳಿಸದು. ಹಾಗಾಗಿ ಇಬ್ಬರೂ ಒಬ್ಬರ ಕಣ್ಣಿಗೊಬ್ಬರು ಕಾಣುವಂತೆ ನಡೆಯಬೇಕು, ಕೊರಳಲ್ಲೊಂದು ಸೀಟಿ ಇರಬೇಕು. ಗುಡ್ಡ ಜರಿದು ಬರಿ ಜಲ್ಲಿ, ಹಸಿ ಮಣ್ಣು ಕಾಣುವ ಕಡೆ ನಿಂತು ಫೋಟೊ ತೆಗೆಯಬೇಡಿ. ಒಬ್ಬರ ಹಿಂದೊಬ್ಬರು, ಕಣ್ಣು ಮೇಲಿಟ್ಟು, ಸರಸರ ದಾಟಿಬಿಡಿ. ಎದುರಿಗೆ ಹೇಸರಗತ್ತೆಗಳ ಸಾಲು ಬಂದರೆ ಗುಡ್ಡದ ಬದಿಗೆ ಸರಿದು ಬೆನ್ನು ಗೋಡೆಗೆ ಕೊಟ್ಟು ನಿಲ್ಲಿ. ಕಣಿವೆಯ ಬದಿಗೆ ನಿಂತರೆ ಅದರ ಬೆನ್ನಿನ ಸಿಲಿಂಡರು ತಾಗಿದರೂ ಸಾಕು.

ಇಷ್ಟು ಹೇಳಿದ ಮೇಲೆ ತಿಂಗಳು ಯಾವುದೆಂದು ನೀವೇ ಊಹಿಸಿರುತ್ತೀರಿ. ಮೇ–ಜೂನ್‌ನಲ್ಲಿ ಹೂವಿದೆ, ಹಸಿರಿದೆ, ಕರಗುವ ಹಿಮವೂ ಇದೆ. ನಿಮಗೆ ನಾನು ಹೇಳುವುದು ಅಕ್ಟೋಬರ್. ಮಳೆ ಹಿಂದೆ ಸರಿದಿರುತ್ತದೆ, ಕರಗು ನೀರು ತಗ್ಗಿರುತ್ತದೆ, ಹೊಳೆ ಬೂದಿ ಬಣ್ಣ ಕಳೆದು ತಿಳಿಹಸಿರಾಗಿರುತ್ತದೆ. ಆ ಬೂದಿ ಬಣ್ಣ ಬೇರೇನಲ್ಲ, ಹಿಮನದಿ ಬಂಡೆಯನ್ನು ಅರೆದ ಹಿಟ್ಟು. ಊರ ಸುತ್ತ ರಾಜಗಿರಿಯ ಹೊಲಗಳು ಕುಂಕುಮ ಚೆಲ್ಲಿದಂತೆ ಕೆಂಪಾಗಿ ನಿಂತಿರುತ್ತವೆ, ಅಂಗಳಗಳಲ್ಲಿ ರಾಜ್ಮಾ ಬಡಿಯುತ್ತಿರುತ್ತಾರೆ, ಅಕ್ರೋಟು ಉದುರುತ್ತಿರುತ್ತದೆ. ನೀರಂಚಿನ ಕಲ್ಲಿನ ಮೇಲೆ ಬಿಳಿ ಟೋಪಿಯ, ಹೊಟ್ಟೆ ಇಟ್ಟಿಗೆಗೆಂಪಿನ ಪುಟ್ಟ ಹಕ್ಕಿಯೊಂದು ಬಾಲ ಕುಣಿಸುತ್ತ ನಿಮ್ಮ ಜತೆಯಲ್ಲೇ ಕಲ್ಲಿಂದ ಕಲ್ಲಿಗೆ ಹಾರುತ್ತ ಬರುತ್ತದೆ. ಚಳಿ ಮಾತ್ರ ಕೊರೆಯುತ್ತದೆ. ಕಣಿವೆ ಆಳವಾದ್ದರಿಂದ ಸೂರ್ಯ ಬೇಗ ಗುಡ್ಡದ ಹಿಂದೆ ಇಳಿದುಬಿಡುತ್ತಾನೆ.

ದಿನಗಳ ಲೆಕ್ಕ. ಚಾರಣ ಕಂಪನಿಗಳು ತಾಲುಕಾದಿಂದ ಓಸ್ಲಾದ ಸುತ್ತಮುತ್ತಲಿನವರೆಗೆ ಒಂದೇ ದಿನದಲ್ಲಿ ನಡೆಸುತ್ತವೆ. ಅವರ ಗುರಿ ಮೇಲಿನ ಹರ್ ಕಿ ದೂನ್, ಊರುಗಳು ದಾರಿಯಲ್ಲಿ ಸಿಗುವ ಟೀ ಅಂಗಡಿಗಳಷ್ಟೆ. ನೀವು ಅದನ್ನೇ ಎರಡು ದಿನ ಮಾಡಿ. ಡೆಹ್ರಾಡೂನಿನಿಂದ ಸಾಂಕ್ರಿ ತಲುಪಿದ ಮರುದಿನ ಸುಮ್ಮನಿರಿ, ಪಕ್ಕದ ಸೌರ್ ಹಳ್ಳಿಗೆ ಹೋಗಿ ಕಲ್ಲು–ಮರ ಪದರ ಪದರವಾಗಿ ಕಟ್ಟಿದ ಹಳೆಯ ಮನೆಗಳನ್ನು ನೋಡಿ. ಭೂಕಂಪ ಬಂದರೆ ಮರದ ತೊಲೆಗಳು ಗೋಡೆಯನ್ನು ಬಿಡಿಬಿಡಿಯಾಗದಂತೆ ಹಿಡಿದಿಡುತ್ತವೆ, ಗೋಡೆ ಅಲುಗುತ್ತದೆ, ಬೀಳುವುದು ಕಡಿಮೆ. ಮೂರನೆಯ ದಿನ ತಾಲುಕಾದಿಂದ ಗಂಗಾಡ್. ನಾಲ್ಕನೆಯ ದಿನ ಓಸ್ಲಾ, ದೂರ ಸ್ವಲ್ಪವೇ, ಆದರೆ ಊರಿಗೆ ಕೊನೆಯ ಏರು ಉಸಿರು ಹಿಡಿಸುತ್ತದೆ. ಐದನೆಯ ದಿನ ಓಸ್ಲಾದಲ್ಲೇ ಇದ್ದು, ಬೇಕೆನಿಸಿದಷ್ಟು ಮೇಲಕ್ಕೆ ನಡೆದು, ಹನ್ನೊಂದಕ್ಕೆಲ್ಲ ತಿರುಗಿ ಬನ್ನಿ. ಆರನೆಯ ದಿನ ಇಳಿತ. ಮನೆಯಲ್ಲಿ ಉಳಿಯಲು ಇಷ್ಟವಿಲ್ಲದಿದ್ದರೆ ಓಸ್ಲಾದ ಎದುರು ದಡದ ಸೀಮಾದಲ್ಲಿ ಪ್ರವಾಸಿ ಬಂಗಲೆ ಇದೆ. ಹರ್ ಕಿ ದೂನ್ 3,566 ಮೀಟರ್. ಓಸ್ಲಾದಿಂದ ಒಂದೇ ದಿನಕ್ಕೆ ಸಾವಿರ ಮೀಟರ್ ಹತ್ತಿಳಿಯುವುದು 61ರ ಮೊಣಕಾಲಿಗೆ ಒಳ್ಳೆಯದಲ್ಲ. ಯಜಮಾನರು ಹಟ ಹಿಡಿದರೆ ಮುಂದಿನ ವರ್ಷ ಎನ್ನಿ.

ದಾರಿ ಒಂದೇ ಇದೆಯೆಂದು ಇಬ್ಬರೇ ಹೊರಡಬೇಡಿ. ಸಾಂಕ್ರಿಯಲ್ಲಿ ಆ ಕಣಿವೆಯ ಊರಿನವನೇ ಒಬ್ಬ ಗೈಡ್ ಮಾಡಿಕೊಳ್ಳಿ. ಯಾವ ಹಳ್ಳ ಯಾವ ಹೊತ್ತಿಗೆ ಏರುತ್ತದೆ ಎಂಬುದು ಅವನಿಗೆ ನಿಮ್ಮ ಮನೆಯ ನಲ್ಲಿಗೆ ನೀರು ಬರುವ ಹೊತ್ತಿನಷ್ಟು ಗೊತ್ತಿರುತ್ತದೆ. ದಾರಿಯಲ್ಲಿ ಯಾರನ್ನಾದರೂ ‘ಭೈಜಿ, ಇನ್ನೆಷ್ಟು ದೂರ’ ಎಂದರೆ ‘ಬಸ್, ಆಧಾ ಘಂಟಾ’ ಎನ್ನುತ್ತಾರೆ. ಅದು ಅವರ ಕಾಲಿನ ಅರ್ಧ ಗಂಟೆ, ನಿಮ್ಮದಕ್ಕೆ ಮೂರರಿಂದ ಗುಣಿಸಿ.

ಮೈ ವಿಷಯ ಬೇಗ ಮುಗಿಸುತ್ತೇನೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರಿನಿಂದ ಮೇಲೆ ಶುರು, ಓಸ್ಲಾ ಆ ಗೆರೆಯ ಅಂಚಿನಲ್ಲಿದೆ. ತುಸು ತಲೆನೋವು ಬರಬಹುದು, ನೀರು ಕುಡಿದು ಮಲಗಿದರೆ ಹೋಗುತ್ತದೆ. ಹೋಗದೆ ವಾಂತಿಯೂ ಸೇರಿದರೆ ಗಂಗಾಡ್‌ಗೆ ಇಳಿಯಿರಿ. ಬಿಪಿ ಮಾತ್ರೆ ಒಂದು ದಿನವೂ ತಪ್ಪಿಸಕೂಡದು. ಹೋಗುವ ಮೊದಲು ವೈದ್ಯರಿಗೆ ಎತ್ತರ, ಚಳಿ, ದಿನಗಳು ಎಲ್ಲ ಹೇಳಿ ಒಪ್ಪಿಗೆ ಪಡೆಯಿರಿ. ಮಾತ್ರೆಯನ್ನು ಎರಡು ಪಾಲು ಮಾಡಿ ಇಬ್ಬರ ಬ್ಯಾಗಿನಲ್ಲೂ ಇಡಿ. ನಿಮಗೆ ಅಭ್ಯಾಸವಿರುವುದು ಶಿವಗಂಗೆಯ ಮೆಟ್ಟಿಲು, ಈ ಕಣಿವೆಯಲ್ಲಿ ನೋಯುವುದು ಇಳಿಯುವಾಗ ಮೊಣಕಾಲು. ಕೈಗೆರಡು ಕೋಲು ಹಿಡಿಯಲು ನಾಚಿಕೆ ಬೇಡ. ಹೊಳೆಯ ನೀರು ನೋಡಲು ಸ್ಫಟಿಕದಂತಿದ್ದರೂ ಮೇಲೆ ಊರಿದೆ, ಕುರಿಯಿದೆ, ಕುದಿಸಿಯೇ ಕುಡಿಯಿರಿ. ರಾತ್ರಿ ಚಳಿಯೆಂದು ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಲೇಬೇಡಿ, ಅದರ ಅನಿಲಕ್ಕೆ ವಾಸನೆಯಿಲ್ಲ. ಬಯಲಿಗೆ ಹೋಗುವಾಗ ಎಲ್ಲೆಂದರಲ್ಲಿ ಕೂರುವಂತಿಲ್ಲ. ಕಂಡಾಲಿ ಎಂಬ ಗಿಡವಿದೆ, ನಮ್ಮ ತುರಚೆ ಗಿಡದ ಅಣ್ಣ. ಹೆಚ್ಚು ಬರೆಯುವುದಿಲ್ಲ.

ಓಸ್ಲಾದ ಮರದ ಗುಡಿಯನ್ನು ಹೊರಗಿನವರು ‘ದುರ್ಯೋಧನನ ಗುಡಿ’ ಎಂದು ಹಾಡಿ ಹೊಗಳಿ ಬರೆಯುತ್ತಾರೆ. ಊರಿನವರನ್ನು ಕೇಳಿದರೆ ಅದು ಸೋಮೇಶ್ವರ. ಅವರ ಅಂಗಳದಲ್ಲಿ ಕೂತು ಅವರ ದೇವರ ಹೆಸರನ್ನು ತಿದ್ದಲು ಹೋಗಬೇಡಿ, ಕೇಳದೆ ಜಗಲಿ ಹತ್ತಬೇಡಿ, ಗೋಡೆ ಮುಟ್ಟಬೇಡಿ.

ಕಡೆಗೆ ಮುದ್ದೆ. ನಗಲಿಲ್ಲ. ಗಢವಾಲಿನ ‘ಮಂಡುವಾ’ ಎಂದರೆ ನಮ್ಮ ರಾಗಿಯೇ. ಸಾಮಾನ್ಯವಾಗಿ ರೊಟ್ಟಿ ತಟ್ಟುತ್ತಾರೆ. ಆದರೆ ‘ಬಾಡಿ’ ಎಂಬ ಇನ್ನೊಂದು ಅಡುಗೆಯಿದೆ: ಕುದಿಯುವ ನೀರಿಗೆ ಮಂಡುವಾ ಹಿಟ್ಟು ಸುರಿದು, ಗಂಟಾಗದಂತೆ ತಿರುವಿ ತಿರುವಿ ಗಟ್ಟಿ ಮಾಡುವುದು. ಅದರ ಜತೆಗೆ ‘ಗಹತ್’ ಕಾಳಿನ ಸಾರು. ಗಹತ್ ಎಂದರೆ ಹುರುಳಿ. ಹುರುಳಿ ಸಾರು, ಮುದ್ದೆ! ಪೇಟೆ ಹೋಟೆಲಿನಲ್ಲಿ ಸಿಗದು, ಸಾಂಕ್ರಿಯಲ್ಲಿ ಉಳಿಯುವ ಮನೆಯ ದೀದಿಗೆ ಹಿಂದಿನ ದಿನವೇ ಹೇಳಿಡಿ. ನಮ್ಮಷ್ಟು ಉಂಡೆ ಕಟ್ಟುವುದಿಲ್ಲ, ಸ್ವಲ್ಪ ಸಡಿಲ. ನಾನು ಒಮ್ಮೆ ಒಲೆಯ ಮುಂದೆ ಕೂತು, ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ ತೋರಿಸಿದೆ. ಆ ಮನೆಯ ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಒಂದು ತುಂಡು ಬಾಯಿಗೆ ಹಾಕಿ ಅಗಿಯಲು ಶುರು ಮಾಡಿದಳು. ನುಂಗಬೇಕಜ್ಜಿ, ಅಗಿಯಬಾರದು ಎಂದೆ. ಹಲ್ಲು ಇರುವುದು ಮತ್ತ್ಯಾಕೆ ಎಂದಳು. ಯಜಮಾನರಿಗೆ ಅದಕ್ಕೆ ಉತ್ತರ ಗೊತ್ತಿದ್ದರೆ ಅಲ್ಲಿ ಹೇಳಿ ಬರಲಿ.